ಮಾರ್ಚ್ ಆರರ ಮನೆ

ನಾವು ಆ ಊರಿಗೆ ಬಂದಿಳಿದದ್ದು ಡಿಸೆಂಬರ್ ಒಂದರಂದು. ಬೆಳಿಗ್ಗೆ ಮಂಜು, ಹತ್ತರ ನಂತರ ತಿಳಿ ಬಿಸಿಲು. ಡಿಸೆಂಬರ್ ಒಂದರ ಮನೆಯವರು ಹಿಂದಿನ ಸಂಜೆ ಚಾವಡಿಯ ಹಲಗೆಯ ಮೇಲೆ ಹಾಗೆಂದೇ ಬರೆದಿದ್ದರು.

ಅದಕ್ಕೆ ಮೊದಲು ನಾನು ಮುಂಬಯಿಯಲ್ಲಿ ಒಂದು ಕನ್ನಡ ದಿನಪತ್ರಿಕೆಯ ಉಪಸಂಪಾದಕನಾಗಿದ್ದೆ. ಇಪ್ಪತ್ತಾರು ವರ್ಷ. ಎರಡನೆಯ ಪುಟದ ಎಡ ಮೂಲೆಯಲ್ಲಿ ಬರುತ್ತಿದ್ದ ಹವಾಮಾನದ ಚೌಕ ನನ್ನ ಪಾಲಿನದು. 'ಸಾಮಾನ್ಯವಾಗಿ ಮೋಡ ಕವಿದ ವಾತಾವರಣ. ಕೆಲವೆಡೆ ಮಳೆ ಸಂಭವ' ಎಂಬ ವಾಕ್ಯವನ್ನು ಸಾವಿರಾರು ಸಲ ಅಚ್ಚಿಗೆ ಕಳಿಸಿದ್ದೇನೆ. ಅದು ಎಷ್ಟು ಸಲ ನಿಜವಾಯಿತೆಂದು ನೋಡಲು ಹೋಗಲಿಲ್ಲ. ಉಳಿದೆಲ್ಲವನ್ನೂ ಎರಡೆರಡು ಸಲ ಪರಿಶೀಲಿಸುತ್ತಿದ್ದ ನಾನು ಬೇಕೆಂದೇ ಪರಿಶೀಲಿಸದೆ ಬಿಟ್ಟ ಸಂಗತಿ ಅದೊಂದೇ.

ನಿವೃತ್ತಿಗೆ ಎರಡು ವಾರವಿದ್ದಾಗ ವರ್ಗೀಕೃತ ಜಾಹೀರಾತುಗಳ ನಡುವೆ ಒಂದು ಕಣ್ಣಿಗೆ ಬಿತ್ತು. 'ಮನೆ ಖಾಲಿ ಇದೆ. ಮಾರ್ಚ್ ಆರು. ಎರಡು ಕೋಣೆ, ಹಿತ್ತಿಲಲ್ಲಿ ಬೇವಿನ ಮರ. ಕುಟುಂಬಸ್ಥರಿಗೆ ಮಾತ್ರ.' ತಾರೀಕು ತಪ್ಪಿ ನಡುವೆ ಸೇರಿಕೊಂಡಿದೆಯೆಂದು ತಿಳಿದು, ಕೊಟ್ಟಿದ್ದ ಸಂಖ್ಯೆಗೆ ಫೋನ್ ಮಾಡಿದೆ. ಆ ಕಡೆ ಇದ್ದವನು ಸುಂಕಪ್ಪ, ಊರ ಚಾವಡಿಯ ಕಾವಲುಗಾರ.

"ತಪ್ಪಿಲ್ರಿ ಸಾಹೇಬ್ರ. ಅದು ಮನಿ ಹೆಸರು," ಎಂದ. "ನಮ್ಮಲ್ಲಿ ಮುನ್ನೂರಾ ಅರವತ್ತಾರು ಮನಿ ಅದಾವ. ಮನಿಗೊಂದು ದಿನ. ತಮ್ಮ ದಿನ ಹವಾ ಹೆಂಗಿರಬೇಕು ಅನ್ನೂದನ್ನ ಮನಿಯವರು ಹಿಂದಿನ ಸಂಜೀಕ ಹಲಗಿ ಮ್ಯಾಲ ಬರೀತಾರ. ಹಂಗ ಆಕ್ಕೈತಿ."

"ಹೇಗೆ ಆಗುತ್ತದೆ?" ಎಂದು ಕೇಳಿದೆ.

"ಹೆಂಗಂದ್ರ? ಬರದ್ರ ಆಕ್ಕೈತ್ರಿ," ಎಂದ ಸುಂಕಪ್ಪ. ನನ್ನ ಪ್ರಶ್ನೆ ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಹವಾಮಾನವನ್ನು ಬರೆದದ್ದಕ್ಕೆ ಸರಿಯಾಗಿ ಹವಾಮಾನ ನಡೆದುಕೊಳ್ಳುವ ಊರು! ನನ್ನಂಥವನಿಗೆ ಬೇರೆ ಕಾರಣ ಬೇಕಿರಲಿಲ್ಲ. ಹೆಂಡತಿ ವಾರಿಜಾಳಿಗೆ ಬೇಕಿತ್ತು. ಅವಳು ಉಪನಗರ ರೈಲಿನ ಒಂದು ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಉದ್ಘೋಷಕಿಯಾಗಿದ್ದವಳು. ಯಾವ ಗಾಡಿ, ಎಷ್ಟನೇ ಪ್ಲಾಟ್‌ಫಾರ್ಮು, ಎಷ್ಟು ನಿಮಿಷ ತಡ ಎಂದು ಮೂರು ಭಾಷೆಗಳಲ್ಲಿ ಹೇಳುತ್ತಿದ್ದಳು. ಧ್ವನಿಮುದ್ರಿತ ಉದ್ಘೋಷಣೆ ಬಂದ ಮೇಲೆ ಅವಳನ್ನು ಟಿಕೆಟ್ ವಿಭಾಗಕ್ಕೆ ಹಾಕಿದರು. ಸ್ವಯಂ ನಿವೃತ್ತಿ ತೆಗೆದುಕೊಂಡಳು. ಆದರೂ ಆ ನಗರದ ಗದ್ದಲವಿಲ್ಲದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಬರ್ತೀನಿ," ಎಂದಳು. "ನಮ್ಮ ದಿನದವರೆಗೆ ಇರ್ತೀನಿ. ಮಾರ್ಚ್ ಎಂಟಕ್ಕೆ ನನಗೆ ವಾಪಸ್ ಟಿಕೆಟ್ ಮಾಡಿಸಿಡಿ. ಸುಲೋಚನಾ ಡೊಂಬಿವಲಿಯಲ್ಲಿ ಒಂದು ಕೋಣೆ ಇಟ್ಟಿರ್ತಾಳೆ. ಹಿಡಿಸಿದರೆ ಟಿಕೆಟ್ ರದ್ದು ಮಾಡೋಣ. ಹಿಡಿಸದಿದ್ದರೆ ನೀವು ಹಬ್ಬಕ್ಕೆ ಬಂದು ಹೋಗಿ." ಸುಲೋಚನಾ ಅವಳ ತಂಗಿ. ವಾರಿಜಾ ತಮಾಷೆ ಮಾಡುತ್ತಿರಲಿಲ್ಲ. ಟಿಕೆಟ್ ಮಾಡಿಸಿದೆ.

ಊರು ಚಪ್ಪಟೆಯಾಗಿತ್ತು. ಒಂದು ದಿಬ್ಬವೂ ಇಲ್ಲದ ಕರಿಮಣ್ಣು, ನಾಲ್ಕೂ ದಿಕ್ಕಿಗೆ ಬಿಳಿಜೋಳ, ಅಲ್ಲಲ್ಲಿ ಕುಸುಬೆ. ಬಸ್ಸು ಕಣ್ಣಿಗೆ ಬಿದ್ದ ಮೇಲೆ ಊರು ಮುಟ್ಟಲು ಇಪ್ಪತ್ತೆರಡು ನಿಮಿಷ ಬೇಕು. ಗಡಿಯಾರ ಹಿಡಿದು ನೋಡಿದ್ದೇನೆ. ಅಷ್ಟರಲ್ಲಿ ಜನ ಮನೆಗೆ ಬೀಗ ಹಾಕಿ, ಪಕ್ಕದವರಿಗೆ ಹೇಳಿ, ನಡೆದುಕೊಂಡೇ ಬಂದು ನಿಲ್ಲುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ಎದುರಾದವರು ಪರಿಚಯವಿರಲಿ ಬಿಡಲಿ, ಸ್ಟಿಯರಿಂಗ್ ಮೇಲಿಂದ ಎರಡು ಬೆರಳು ಎತ್ತುತ್ತಿದ್ದರು. ಬಂದ ಮೊದಲ ವಾರ ನಾವು ಒಲೆ ಹಚ್ಚಲಿಲ್ಲ. ದಿನವೂ ಯಾರಾದರೊಬ್ಬರು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟು ಹೋಗುತ್ತಿದ್ದರು.

ಜನರನ್ನು ಕರೆಯುವುದೂ ತಾರೀಕಿನಿಂದಲೇ. ಪಕ್ಕದ ಮನೆಯ ತಿರಕವ್ವ ಎಪ್ಪತ್ತು ದಾಟಿದ ಹೆಂಗಸು. ಊರಿಗೆ ಆಕೆ ಜುಲೈ ಇಪ್ಪತ್ತೆರಡರ ಆಯಿ. ಎದುರು ಮನೆಯ ಗುರುಶಾಂತಪ್ಪ ಫೆಬ್ರುವರಿ ಇಪ್ಪತ್ತೊಂಬತ್ತರವರು. ಅವರ ಸರದಿ ನಾಲ್ಕು ವರ್ಷಕ್ಕೊಮ್ಮೆ. ಹಾಗಾಗಿ ಉಳಿದ ಮೂರು ವರ್ಷ ಬೇರೆಯವರಿಗೆ ಸಲಹೆ ಕೊಡುತ್ತಿದ್ದರು.

ಹಲಗೆಗೆ ಸಂಬಂಧಿಸಿದಂತೆ ಊರಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಬರೆಯುವವರ ಮನೆಗೆ ಹೋಗಿ ಯಾರು ಬೇಕಾದರೂ ಕೇಳಿಕೊಳ್ಳಬಹುದು, ಆದರೆ ಬರೆಯುವವರು ಮಾತು ಕೊಡುವಂತಿಲ್ಲ. ಎರಡು, ದಿನ ಹೇಗೇ ಬರಲಿ, ಬರೆದವರನ್ನು ಯಾರೂ ಬೈಯುವಂತಿಲ್ಲ. ಮಾರ್ಚ್ ಎಂಟರ ಮನೆಯ ಮುದುಕ ಮುದುಕಿ ಪ್ರತಿವರ್ಷ ಅಂದು ಮಳೆ ಬರೆಯುತ್ತಿದ್ದರು. ಅವರ ಮದುವೆ ಮಳೆಯಲ್ಲಿ ಆಗಿತ್ತಂತೆ. ಸುಗ್ಗಿಯ ನಡುವೆ ಊರಿಗೆ ಊರೇ ನೆನೆಯುತ್ತಿತ್ತು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಏಳರ ಸಂಜೆಯೊಳಗೆ ರಾಶಿ ಮಾಡಿ ಜೋಳ ಒಳಗಿಟ್ಟುಕೊಳ್ಳುತ್ತಿದ್ದರು, ಅಷ್ಟೆ.

ನನಗೆ ಸಮಾಧಾನವಿಲ್ಲದ ಸಂಗತಿ ಒಂದೇ: ಹಲಗೆಯ ಬರಹ. ಹತ್ತರಲ್ಲಿ ಒಂಬತ್ತು ದಿನ ಅಲ್ಲಿ ಇರುತ್ತಿದ್ದದ್ದು 'ದಿನದಂಗ' ಎಂಬ ಒಂದೇ ಮಾತು. ಹೆಚ್ಚೆಂದರೆ 'ದಿನದಂಗ, ಮಧ್ಯಾಹ್ನ ತುಸು ಮೋಡ'. ಇಡೀ ಆಕಾಶ ಕೈಯಲ್ಲಿರುವ ಜನ ಹೀಗೆ ಬರೆಯುವುದೇ! ಇಂಥ ಪ್ರತಿ ನನ್ನ ಮೇಜಿಗೆ ಬಂದಿದ್ದರೆ ವರದಿಗಾರನನ್ನು ಕರೆಸಿ ಕೇಳುತ್ತಿದ್ದೆ: ದಿನದ ಹಾಗೆ ಎಂದರೆ ಯಾವ ದಿನದ ಹಾಗೆ? ಎಷ್ಟು ಡಿಗ್ರಿ? ಎಷ್ಟು ಹೊತ್ತು?

ವಾರಿಜಾಳಿಗೆ ಸಮಾಧಾನವಿಲ್ಲದ್ದು ಬೇರೆ. ಜನವರಿ ಮುಗಿಯುವಾಗ ಕಟ್ಟೆಯ ಮೇಲೆ ಕೂತು ಹೇಳಿದಳು: "ಇಲ್ಲಿ ಯಾರಿಗೂ ಯಾವುದಕ್ಕೂ ತಡ ಆಗೋದಿಲ್ಲ."

"ಒಳ್ಳೆಯದೇ ಅಲ್ಲವೇ?"

"ನನಗೇನು ಕೆಲಸ ಅಂತ ಕೇಳ್ತಿದೀನಿ. ಬೆಳಿಗ್ಗೆಯಿಂದ ಸಂಜೆವರೆಗೆ ಎಷ್ಟು ಮಾತಾಡಿದೆ ಅಂತ ನಿನ್ನೆ ಎಣಿಸಿದೆ. ನಲವತ್ತು ವಾಕ್ಯ. ಅದರಲ್ಲಿ ಆರು ಬೆಕ್ಕಿಗೆ."

ನಮ್ಮ ದಿನವನ್ನು ಅವಳಿಗಾಗಿ ಬರೆಯಬೇಕೆಂದು ನಾನು ಆಗಲೇ ತೀರ್ಮಾನಿಸಿದೆ. ಒಂದು ದಿನ, ಒಂದೇ ಒಂದು ದಿನ, ಎಲ್ಲಿಯೂ ಕುಂದಿಲ್ಲದಂತೆ ಇದ್ದರೆ ಇವಳ ಮನಸ್ಸು ತಿರುಗಬಹುದು.

ಮಾರ್ಚ್ ಮೊದಲ ವಾರ ಕೇಳಿಕೊಳ್ಳುವವರು ಬಂದರು. ಮುಂಬಯಿಯಿಂದ ಹವಾಮಾನದ ಸಾಹೇಬರು ಬಂದಿದ್ದಾರೆಂಬ ಸುದ್ದಿ ಹೇಗೋ ಹಬ್ಬಿತ್ತು. ಶಾಲೆಯ ಮಾಸ್ತರರು ಆಟೋಟದ ದಿನವೆಂದು ಹತ್ತು ಗಂಟೆಗೆ ಒಂದು ಮೋಡ ಕೇಳಿದರು. ಶಾವಿಗೆ ಹೊಸೆಯುವ ಹೆಂಗಸರು ಒಣ ಹವೆ ಕೇಳಿದರು. ಗುರುಶಾಂತಪ್ಪನವರು ಏನನ್ನೂ ಕೇಳದೆ ಒಂದೂವರೆ ತಾಸು ಸಲಹೆ ಕೊಟ್ಟರು. ತಿರಕವ್ವ ಕೊನೆಗೆ ಬಂದಳು. ಅವಳ ಮೂರು ಎಕರೆಯ ಜೋಳ ಊರ ಹೊರಗಿನ ಕಣದಲ್ಲಿ ತುಳಿಸಿ ಬಿದ್ದಿತ್ತು. ಕಾಳಿಂದ ಹೊಟ್ಟು ಬೇರೆ ಮಾಡಲು ತೂರುವುದು ಬಾಕಿ. ಅಂಥ ಹನ್ನೆರಡು ಕಣಗಳಿದ್ದವು. ಆರನೆಯ ತಾರೀಕು ಆರು, ಏಳನೆಯ ತಾರೀಕು ಆರು ಎಂದು ಹಂಚಿಕೊಂಡಿದ್ದರು.

"ನಿನಗೇನು ಬೇಕು ಆಯಿ?" ಎಂದೆ.

"ನನಗೇನೂ ಬ್ಯಾಡಪಾ. ಶಾಣ್ಯಾತನ ಒಂದು ಮಾಡಬ್ಯಾಡ. 'ದಿನದಂಗ' ಅಂತ ಬರದು ಕೈ ತೊಳಕೊ."

ಐದನೆಯ ತಾರೀಕು ಸಂಜೆ ಐದಕ್ಕೆ ಸುಂಕಪ್ಪ ಸೀಮೆಸುಣ್ಣ ತಂದುಕೊಟ್ಟ. ಕರಡು ನಾಲ್ಕು ಸಲ ತಿದ್ದಿ ಸಿದ್ಧವಾಗಿತ್ತು. ಹಲಗೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದೆ: 'ಬೆಳಗಿನ ಕನಿಷ್ಠ ಹದಿನೆಂಟು ಡಿಗ್ರಿ, ಮಧ್ಯಾಹ್ನ ಗರಿಷ್ಠ ಇಪ್ಪತ್ತೆಂಟು. ಇಬ್ಬನಿ ಏಳೂವರೆಯವರೆಗೆ. ತೇವಾಂಶ ಶೇಕಡ ಮೂವತ್ತೈದು. ಹತ್ತು ಗಂಟೆಗೆ ಶಾಲೆಯ ಮೈದಾನದ ಮೇಲೆ ಒಂದು ಬಿಳಿ ಮೋಡ, ನಾಲ್ಕಕ್ಕೆ ಊರ ಮೇಲೆ ಇನ್ನೊಂದು. ಉಳಿದಂತೆ ನಿರಭ್ರ ನೀಲಿ. ಸೂರ್ಯಾಸ್ತದ ನಂತರ ಹದಿನೈದು ನಿಮಿಷ ಪಡುವಣ ಕೆಂಪು.'

ಸುಂಕಪ್ಪ ನಿಧಾನಕ್ಕೆ ಓದಿದ. ಎರಡನೆಯ ಸಲ ಓದಿದ. ಕಿವಿಯ ಹಿಂದೆ ಕೆರೆದುಕೊಂಡ.

"ಏನಾದರೂ ಬಿಟ್ಟಿದೆಯೇ?" ಎಂದೆ.

"ನಾ ಏನ್ ಹೇಳ್ಲಿರಿ ಸಾಹೇಬ್ರ? ಭಾಳ ಬರದೀರಿ," ಎಂದು ಹೊರಟುಹೋದ.

ಮರುದಿನ ಏಳು ಗಂಟೆಗೆ ಎದ್ದು ಬಾಗಿಲು ತೆರೆದೆ. ಹದಿನೆಂಟು ಡಿಗ್ರಿ. ಬೇವಿನ ಎಲೆಗಳ ಮೇಲೆ ಇಬ್ಬನಿ. ನೋಡಿದಷ್ಟೂ ನೀಲಿ. ವಾರಿಜಾಳನ್ನು ಕರೆದೆ. ಚಹಾ ಹಿಡಿದು ಹೊರಗೆ ಬಂದವಳು ಒಂದು ನಿಮಿಷ ಆಕಾಶ ನೋಡಿ, "ಚೆನ್ನಾಗಿದೆ," ಎಂದಳು. ನನಗೆ ಅಷ್ಟು ಸಾಕಿತ್ತು. ಆಮೇಲೆ ಅವಳು ಕೇಳಿದಳು: "ಆ ಹೊಗೆ ಯಾಕೆ ಹಾಗೆ ನಿಂತಿದೆ?"

ಎದುರು ಮನೆಯ ಬಚ್ಚಲ ಒಲೆಯ ಹೊಗೆ ಕಂಬದಂತೆ ನೆಟ್ಟಗೆ ನಿಂತಿತ್ತು. ಅದರ ಪಕ್ಕದ ಮನೆಯದೂ. ಊರ ತುಂಬ ಹೊಗೆಯ ಕಂಬಗಳು. ಬೇವಿನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಚಾವಡಿಯ ಮುಂದಿನ ಬಾವುಟ ಒದ್ದೆ ಟವೆಲಿನಂತೆ ಇಳಿಬಿದ್ದಿತ್ತು.

ಉಷ್ಣಾಂಶ ಬರೆದಿದ್ದೆ, ತೇವಾಂಶ ಬರೆದಿದ್ದೆ, ಮೋಡಕ್ಕೆ ಸಮಯ ಬರೆದಿದ್ದೆ. ಗಾಳಿ ಬರೆದಿರಲಿಲ್ಲ.

ಸಮರ್ಥನೆ ಕೊಡುತ್ತಿಲ್ಲ, ಸಂಗತಿ ಹೇಳುತ್ತಿದ್ದೇನೆ: ಬಂದವರಲ್ಲಿ ಯಾರೂ ಗಾಳಿ ಕೇಳಿರಲಿಲ್ಲ. ಗಾಳಿಯನ್ನು ಕೇಳಿ ತರಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. 'ದಿನದಂಗ' ಎಂಬ ಮಾತಿನೊಳಗೆ ಅದು ಇದ್ದೇ ಇರುತ್ತಿತ್ತು. ಆ ಮಾತನ್ನು ಬಿಟ್ಟು ಎಲ್ಲವನ್ನೂ ಬಿಡಿಬಿಡಿಯಾಗಿ ಪಟ್ಟಿ ಮಾಡಿದವನು ಊರಿನ ಇತಿಹಾಸದಲ್ಲಿ ನಾನೊಬ್ಬನೇ.

ಎಂಟು ಗಂಟೆಗೆ ಬೀದಿಗೆ ಇಳಿದೆ. ಬೈಯಬಾರದೆಂಬ ಕಟ್ಟಳೆಯನ್ನು ಅವರು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದರೆಂದರೆ ಎದುರಿಸುವುದು ಕಷ್ಟವಾಯಿತು.

"ಬರ್ರಿ ಸಾಹೇಬ್ರ, ಚಾ ಕುಡೀರಿ," ಎಂದು ಗುರುಶಾಂತಪ್ಪನವರು ಕಟ್ಟೆಯಿಂದ ಕರೆದರು. "ಭಾಳ ಹೊತ್ತಿನಿಂದ ಇಟ್ಟೀನಿ. ಇವತ್ತ ಯಾಕೋ ಚಾ ಆರವಲ್ತು."

"ಅರಿವಿ ಒಣಗಾಕ ಹಾಕೀನಿ," ಎಂದಳು ಇನ್ನೊಂದು ಮನೆಯಾಕೆ. "ಚಲೋ ಆತು, ಹಾರಿ ಹೋಗೂ ಚಿಂತಿ ಇಲ್ಲ."

ಕಣಗಳ ಕಡೆ ಹೋದೆ. ಹನ್ನೆರಡು ಕಣಗಳಲ್ಲಿ ಹನ್ನೆರಡು ರಾಶಿಗಳು, ಅವುಗಳ ಪಕ್ಕದಲ್ಲಿ ಮೊರ, ಬುಟ್ಟಿ, ನಿಂತು ತೂರುವ ಮೂರು ಕಾಲಿನ ಮೆಟ್ಟು. ಜನ ನೆರಳಿನಲ್ಲಿ ಕೂತಿದ್ದರು. ತಿರಕವ್ವ ಮೆಟ್ಟಿನ ಮೇಲೆ ನಿಂತು ಒಂದು ಮೊರ ಜೋಳ ಸುರಿದು ತೋರಿಸಿದಳು. ಕಾಳು, ಹೊಟ್ಟು ಎರಡೂ ಒಟ್ಟಿಗೆ ನೆಟ್ಟಗೆ ಅದೇ ರಾಶಿಗೆ ಬಿದ್ದವು.

"ನೋಡಪಾ," ಎಂದಳು ಮೃದುವಾಗಿ. "ಎಷ್ಟು ಒಗ್ಗಟ್ಟು!"

ನಾಳೆ ಒಂದೇ ದಿನದಲ್ಲಿ ಹನ್ನೆರಡು ಕಣ ಆಗುವುದಿಲ್ಲವೆಂದು ನನಗೂ ಗೊತ್ತಿತ್ತು. ನಾಡಿದ್ದು ಮಳೆ. ಮನೆಗೆ ಬಂದು ವಾರಿಜಾಳಿಗೆ ಹೇಳಿದೆ. ಅವಳು ಪೆಟ್ಟಿಗೆಗೆ ಸೀರೆ ಮಡಚಿಡುತ್ತಿದ್ದಳು.

"ಊರವರು ಬೈಯೋ ಹಾಗಿಲ್ಲ ಅಲ್ವಾ?" ಎಂದಳು.

"ಇಲ್ಲ."

"ನಾನಿನ್ನೂ ಊರವಳಾಗಿಲ್ಲ. ನಾನು ಬೈಬಹುದು."

ಬೈದಳು. ನಿಮಿಷಗಳ ಲೆಕ್ಕದಲ್ಲಿ ಎಂಟು. ಒಂದು ದಿನವನ್ನು ಒಪ್ಪವಾಗಿಡಲು ಹೋಗಿ ಅದರ ಉಸಿರೇ ತೆಗೆದುಬಿಟ್ಟಿರಿ ಎಂಬುದು ಒಟ್ಟು ಸಾರಾಂಶ. ಯಾರಿಗಾಗಿ ಬರೆದೆ ಎಂದು ಹೇಳೋಣವೆಂದುಕೊಂಡೆ. ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಆಮೇಲೆ ಅವಳು ಮಂಚದ ಮೇಲಿನ ಚಾದರವನ್ನು ಎಳೆದು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ನಾನು ಇನ್ನೊಂದು ಚಾದರ ತೆಗೆದುಕೊಂಡು ಹಿಂಬಾಲಿಸಿದೆ. ಆಗ ಸರಿಯಾಗಿ ಹತ್ತು ಗಂಟೆ. ಶಾಲೆಯ ಮೈದಾನದ ಮೇಲೆ ಬಿಳಿ ಮೋಡ ಮೂಡಿತು, ತಳ್ಳುವ ಗಾಳಿ ಇಲ್ಲದ್ದರಿಂದ ಸಂಜೆಯವರೆಗೂ ಅಲ್ಲೇ ನಿಂತಿತು.

ಕಣದಲ್ಲಿ ಅವಳು ತಿರಕವ್ವನಿಗೆ ಕೇಳಿದಳು: "ಚಾದರದಿಂದ ಬೀಸಿದರೆ ಹೊಟ್ಟು ಹಾರೋದಿಲ್ವಾ ಆಯಿ?"

"ಹಾರತೈತಿ. ನಮ್ಮ ಅತ್ತಿ ಕಾಲದಾಗ ಒಮ್ಮೆ ಮಾಡಿದ್ರಂತ. ಆದ್ರ ಒಬ್ಬರು ಬೀಸಿದಾಗ ಒಬ್ಬರು ಬೀಸೂದಿಲ್ಲ. ಬೀಸಿದಾಗ ತೂರಾವ ಸುರಿಯೂದಿಲ್ಲ. ಅವ ಸುರಿದಾಗ ಇವರು ಹರಟಿ ಹೊಡೀತಿರ್ತಾರ. ಮಧ್ಯಾಹ್ನದೊಳಗ ಜಗಳ."

"ಹೇಳೋರು ಒಬ್ಬರು ಇದ್ದರೆ?"

"ಇಷ್ಟು ಮಂದಿಗೆ ಕೇಳೂ ಹಂಗ ಯಾರಿಗೆ ಬಾಯಿ ಐತಿ ತಂಗಿ?"

ವಾರಿಜಾ ಮೂರು ಕಾಲಿನ ಮೆಟ್ಟು ಹತ್ತಿದಳು. ನಾನು ಆ ಧ್ವನಿಯನ್ನು ಕೇಳಿ ಐದು ವರ್ಷವಾಗಿತ್ತು. ಎಳೆಯುವುದಿಲ್ಲ, ಕಿರುಚುವುದಿಲ್ಲ, ಒಂದೊಂದು ಪದವೂ ತನ್ನ ಜಾಗದಲ್ಲಿ ಇಳಿದು ನಿಲ್ಲುತ್ತದೆ.

"ದಯವಿಟ್ಟು ಗಮನಿಸಿ. ಮೊದಲನೇ ಕಣ, ತಿರಕವ್ವನವರದು, ಹತ್ತೂವರೆಗೆ. ಎರಡನೇ ಕಣ ಹನ್ನೊಂದೂ ಕಾಲಿಗೆ. ಮನೆಗೆ ಒಂದು ಚಾದರ, ಚಾದರಕ್ಕೆ ಇಬ್ಬರು. ಚಾದರ ಇಲ್ಲದವರು ಧೋತರ ತರಬಹುದು. ಉಟ್ಟದ್ದು ಬೇಡ."

ಗಾಳಿ ಇಲ್ಲದ ಊರಿನಲ್ಲಿ ಆ ಧ್ವನಿ ಮುನ್ನೂರಾ ಅರವತ್ತಾರು ಮನೆಗಳಿಗೂ ತಲುಪಿತು. ನಗು ಮೊದಲು ಬಂತು, ಆಮೇಲೆ ಜನ ಬಂದರು. ಹತ್ತು ಇಪ್ಪತ್ತೆಂಟಕ್ಕೆ ಹದಿನಾರು ಚಾದರಗಳು ಎರಡು ಸಾಲಾಗಿ ನಿಂತಿದ್ದವು.

"ಎತ್ತಿ!" ಎಂದಳು. ಚಾದರಗಳು ಎದ್ದವು. "ಸುರಿಯಿರಿ! ಬೀಸಿ!" ಕಾಳು ಬಿತ್ತು. ಹೊಟ್ಟು ಮಾರು ದೂರ ಹಾರಿ ಗುರುಶಾಂತಪ್ಪನವರ ಮೀಸೆಗೆ ಅಂಟಿತು. ಕಣವಿಡೀ ಹೋ ಎಂದಿತು.

"ಅಲ್ಲಿ ಯಾಕ ನಿಂತೀರಿ ಕಾಕಾ?" ಎಂದು ಯಾರೋ ಕೂಗಿದರು.

"ಸಲಹಾ ಕೊಡಾಕತ್ತಿದ್ನೋ!"

"ಚಾದರ ಹಿಡೀರಿ," ಎಂದಳು ವಾರಿಜಾ ಮೇಲಿಂದ. "ಸಲಹೆ ಮೂರನೇ ಪ್ಲಾಟ್‌ಫಾರ್ಮಿನಲ್ಲಿ." ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ನಕ್ಕರು. ಗುರುಶಾಂತಪ್ಪನವರು ಚಾದರ ಹಿಡಿದರು. ಅದರ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಮೊದಲ ಅರ್ಧ ತಾಸಿನಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅದನ್ನು ಯಾರಿಗೂ ಹೇಳಲಿಲ್ಲ.

ಕಣಕ್ಕೆ ನಲವತ್ತೈದು ನಿಮಿಷ. ನಾಲ್ಕನೆಯ ಕಣ ಎಂಟು ನಿಮಿಷ ತಡವಾಯಿತು. ಅಲ್ಲಿಯ ಮೆಟ್ಟಿನ ಕಾಲು ಮುರಿದಿತ್ತು. "ಐದನೇ ಕಣ ಎಂಟು ನಿಮಿಷ ತಡವಾಗಿ ಶುರುವಾಗುತ್ತದೆ. ಆಗಿರುವ ತೊಂದರೆಗೆ ವಿಷಾದಿಸುತ್ತೇವೆ," ಎಂದು ಅವಳು ಹೇಳಿದ ಕೂಡಲೇ ಐದನೆಯ ಕಣದ ಮಂದಿ, ಹುಟ್ಟಿದಾಗಿನಿಂದ ಯಾವುದಕ್ಕೂ ಕಾದು ಗೊತ್ತಿಲ್ಲದವರು, ಗಡಿಯಾರ ನೋಡುತ್ತ ಗೊಣಗತೊಡಗಿದರು. ವಾರಿಜಾಳ ಮುಖ ಅರಳಿದ್ದನ್ನು ನಾನು ಚಾದರದ ಈ ತುದಿಯಿಂದ ನೋಡಿದೆ. ಶಾಲೆಯ ಆಟೋಟ ಮುಗಿಸಿಕೊಂಡು ಮಾಸ್ತರರೂ ಬಂದರು. ಮಧ್ಯಾಹ್ನ ಅರ್ಧ ತಾಸು ಊಟ, ಎಲ್ಲರ ಬುತ್ತಿ ಎಲ್ಲರ ಮುಂದೆ. ಶಾವಿಗೆಯ ಹೆಂಗಸರು ಪಾಯಸ ತಂದಿದ್ದರು.

ಆರು ಗಂಟೆಯ ಹೊತ್ತಿಗೆ ಒಂಬತ್ತು ಕಣಗಳು ಮುಗಿದವು. ಹತ್ತನೆಯದು ಗುರುಶಾಂತಪ್ಪನವರದು. ಅದೂ, ಅದರ ನಂತರದ ಎರಡೂ ಉಳಿದವು. "ಹತ್ತನೇ ಕಣ ನಾಳೆ ಬೆಳಿಗ್ಗೆ ಎಂಟೂ ಕಾಲಿಗೆ," ಎಂದು ವಾರಿಜಾ ಕೊನೆಯ ಸಲ ಹೇಳಿ ಕೆಳಗಿಳಿದಳು. ಪಡುವಣ ಹದಿನೈದು ನಿಮಿಷ ಕೆಂಪಾಯಿತು. ಯಾರೂ ತಲೆ ಎತ್ತಿ ನೋಡಲಿಲ್ಲ. ಎಲ್ಲರೂ ಒಬ್ಬರ ತಲೆಯ ಹೊಟ್ಟು ಒಬ್ಬರು ತೆಗೆಯುತ್ತಿದ್ದರು.

ಮಾರ್ಚ್ ಏಳರ ಮನೆಯಾಕೆ ಅಷ್ಟರಲ್ಲಿ ಓಡಿ ಹೋಗಿ ಹಲಗೆಯ ಮೇಲೆ 'ದಿನದಂಗ' ಎಂದು ಬರೆದು ಬಂದಿದ್ದಳು. ಸುಂಕಪ್ಪ ಅದನ್ನು ನನಗೆ ಹೇಳಿದನೇ ಹೊರತು ಬೇರೆ ಮಾತು ಸೇರಿಸಲಿಲ್ಲ. ಮನೆಗೆ ಬಂದು ವಾರಿಜಾ ಉಪ್ಪುನೀರಿನಲ್ಲಿ ಗಂಟಲು ತೊಳೆದುಕೊಂಡು ಏಳೂವರೆಗೆ ಮಲಗಿಬಿಟ್ಟಳು. ಪೆಟ್ಟಿಗೆ ಅರ್ಧ ತುಂಬಿ ತೆರೆದೇ ಇತ್ತು. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬುದು ಪತ್ರಕರ್ತನಿಗೆ ಗೊತ್ತಿರುವ ಸಂಗತಿ.

ಬೆಳಿಗ್ಗೆ ಗಾಳಿ ಇತ್ತು. ಪೂರ್ವದ ಒಳ್ಳೆಯ ಗಾಳಿ, ಬೇವು ಸುಯ್ಯೆನ್ನುತ್ತಿತ್ತು. ತೂರುವುದಕ್ಕೆ ಇಂಥದೇ ಬೇಕು. ಮೂರು ಕಣಗಳಿಗೆ ಅರ್ಧ ದಿನ ಧಾರಾಳ. ವಾರಿಜಾ ಕಟ್ಟೆಯ ಮೇಲೆ ಲೋಟ ಹಿಡಿದು ಕೂತು ಬಾವುಟ ಹಾರುವುದನ್ನು ನೋಡುತ್ತಿದ್ದಳು.

"ಗಾಳಿ ಬಂತು," ಎಂದಳು. ಗಂಟಲು ಸ್ವಲ್ಪ ಕಟ್ಟಿತ್ತು.

"ಬಂತು," ಎಂದೆ.

ಆಗ ಗುರುಶಾಂತಪ್ಪನವರು ಹೆಗಲ ಮೇಲೆ ಚಾದರ ಹೊತ್ತು ಬಂದು ಗೇಟಿನ ಹತ್ತಿರ ನಿಂತರು. ಅವರ ಹಿಂದೆ ಹನ್ನೊಂದನೆಯ ಕಣದವರು, ಹನ್ನೆರಡನೆಯ ಕಣದವರು, ಅವರ ಹಿಂದೆ ಕಣ ಮುಗಿಸಿದ್ದ ತಿರಕವ್ವನೂ.

"ಬಾಯಾರ, ಹೊತ್ತಾತು," ಎಂದು ವಾರಿಜಾಳನ್ನು ಕರೆದರು ಗುರುಶಾಂತಪ್ಪ.

"ಗಾಳಿ ಇದೆಯಲ್ಲ ಕಾಕಾ. ಇವತ್ತು ನಾನ್ಯಾಕೆ?"

"ಗಾಳಿ ಐತ್ರಿ. ನಾನೇನು ಇಲ್ಲ ಅಂದ್ನ್ಯಾ? ಆದ್ರ ಅದು ಎತ್ತಿ ಅನ್ನೂದಿಲ್ಲ, ಬೀಸಿ ಅನ್ನೂದಿಲ್ಲ. ಬರೇ ಬೀಸತೈತಿ. ನಿನ್ನೆ ಒಂಬತ್ತು ಕಣಕ್ಕ ಹೇಳಿ ನಮ್ಮದಕ್ಕ ಹೇಳೂದಿಲ್ಲ ಅಂದ್ರ ಹೆಂಗ್ರಿ? ಎಂಟೂ ಕಾಲಿಗೆ ಅಂದಿದ್ರಿ."

ತಿರಕವ್ವ ಹಿಂದಿನಿಂದ ಹೇಳಿದಳು: "ಏಳ ತಂಗಿ. ಅವಗ ಹೊಟ್ಟಿಕಿಚ್ಚು. ನೀ ಬರದಿದ್ರ ಮುಂದಿನ ಫೆಬ್ರುವರಿ ಇಪ್ಪತ್ತೊಂಬತ್ತಕ್ಕ ಆಣೆಕಲ್ಲಿನ ಮಳಿ ಬರೀತಾನ."

ವಾರಿಜಾ ಗಡಿಯಾರ ನೋಡಿದಳು. ಎಂಟು ಹನ್ನೊಂದು. ಲೋಟವನ್ನು ನನ್ನ ಕೈಗೆ ತುರುಕಿದಳು. "ನಾಲ್ಕು ನಿಮಿಷ ಇದೆ," ಎಂದು ಒಂದೇ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿದಳು. ಉಳಿದವರು ಅವಳ ಹಿಂದೆ ಓಡಿದರು, ತಿರಕವ್ವನೂ.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಡೊಂಬಿವಲಿಯಿಂದ ಸುಲೋಚನಾ.

"ಭಾವ, ಅಕ್ಕನ ಗಾಡಿ ನಾಳೆ ಎಷ್ಟು ಗಂಟೆಗೆ ಹೊರಡುತ್ತೆ? ಕೋಣೆ ಗುಡಿಸಿ ಇಟ್ಟಿದ್ದೀನಿ."

ನಾನು ಟಿಕೆಟ್ ಹುಡುಕುತ್ತಿದ್ದಾಗ ಪೂರ್ವದ ಗಾಳಿ ಕಣದ ಕಡೆಯ ಧ್ವನಿಯನ್ನು ಕಿಟಕಿಯೊಳಗೆ ತಂದು ಹಾಕಿತು. ದಯವಿಟ್ಟು ಗಮನಿಸಿ, ಹತ್ತನೇ ಕಣ ಸಮಯಕ್ಕೆ ಸರಿಯಾಗಿ ಶುರುವಾಗುತ್ತದೆ.

ಅದು ಸುಲೋಚನಾಳಿಗೂ ಕೇಳಿಸಿತು. "ಅದು ಅಕ್ಕನ ಧ್ವನಿ ಅಲ್ವಾ? ಎಲ್ಲಿದ್ದೀರಿ ಭಾವ? ಇಷ್ಟು ಬೇಗ ಸ್ಟೇಷನ್ನಿಗೆ ಬಂದುಬಿಟ್ರಾ?"

"ಇಲ್ಲಮ್ಮ," ಎಂದೆ. "ಮನೆಯಲ್ಲಿದ್ದೇವೆ."